ಅದಿರು ಲಾರಿಯ ಮೇಲೆ ವಿಮಾನದ ಸೀಟು

ಆ ಸೀಟಿನ ತೋಳುಗಳನ್ನು ಗರಗಸದಲ್ಲಿ ಕೊಯ್ಯಿಸಿದವನು ನಾನೇ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಗರಗಸದ ಸದ್ದು ಈಗಲೂ ಕಿವಿಯಲ್ಲಿದೆ. ಅನುಮಾನ ಬಂದದ್ದೂ ಅದಕ್ಕೇ. ನಡೆದ ಸಂಗತಿ ನನಗೆ ಇಷ್ಟು ಚೆನ್ನಾಗಿ ನೆನಪಿರುವುದು ಅಪರೂಪ.

ಗಣಿಗಾರಿಕೆ ಜೋರಾಗಿದ್ದ ಕಾಲ. ವಿನ್ಯಾಸದಲ್ಲಿ ಪದವಿ ಪಡೆದು ಬಂದ ನಾನು ಹೊಸಪೇಟೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಸಂಡೂರಿನ ಕಡೆಯ ಗಣಿ ಸಾಹುಕಾರರೊಬ್ಬರು ಸಣ್ಣ ವಿಮಾನ ಕೊಳ್ಳುವವರಿದ್ದರು. ಅದರ ಒಳಗನ್ನು ಅವರ ತಾಯಿಗೆ ಒಪ್ಪುವಂತೆ ಮಾಡಬೇಕು. ಮೊದಲು ಒಂದು ಮಾದರಿ ಸೀಟು ಮಾಡು ಎಂದರು. ಪರೀಕ್ಷೆಯನ್ನೂ ಅವರೇ ಗೊತ್ತುಮಾಡಿದರು: ಸೀಟನ್ನು ಪ್ಲೈವುಡ್ ಗೂಡಿನೊಳಗೆ ಕೂರಿಸುವುದು, ಗೂಡನ್ನು ಅದಿರು ಲಾರಿಗೆ ಬಿಗಿಯುವುದು, ಕುರೆಕುಪ್ಪದಿಂದ ಹೊಸಪೇಟೆಗೆ ಅದರಲ್ಲೇ ತಾಯಿಯನ್ನು ಕರೆತರುವುದು.

“ಈ ರೋಡಿನ್ಯಾಗ ಅವ್ವ ಆರಾಮ ಕುಂತ್ಲಂದ್ರ ಆಕಾಶದಾಗ ಏನ್ ಹೆದರಿಕಿ? ನಡುವ ಇಳಿದ್ಲೋ, ನಿನ್ ಹಾದಿ ನೀ ಹಿಡಿ.”

ಆಕಾಶದಲ್ಲಿ ಲಾರಿ ತೋಡಿದ ತಗ್ಗುಗಳಿರುವುದಿಲ್ಲ ಎನ್ನಲು ಬಾಯಿ ತೆರೆದೆ. ಕೆಲಸ ಬೇಕಿತ್ತು, ಮುಚ್ಚಿದೆ.

ಸೀಟು ಕಟ್ಟಿದವರು ಹೊಸಪೇಟೆಯಲ್ಲಿ ಲಾರಿ ಸೀಟು ಹೊಲಿಯುವ ಮೇಸ್ತ್ರಿ. ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ಅಮ್ಮಾರು ಕಾಲು ಮಡಚಿ ಕುಂದ್ರೋರು ಸಾರ್. ಈ ತೋಳು ಅಡ್ಡ ಬರ್ತಾವ್ರಿ,” ಎಂದರು.

“ವಿಮಾನದಲ್ಲಿ ಯಾರೂ ಕಾಲು ಮಡಚಿ ಕೂರೋದಿಲ್ಲ.”

“ತಾವು ಎಷ್ಟು ಸಲ ಕುಂತೀರಿ?”

ಒಮ್ಮೆಯೂ ಇಲ್ಲ. “ತೋಳು ಗಟ್ಟಿಯಾಗಿ ವೆಲ್ಡ್ ಮಾಡಿ,” ಎಂದೆ.

ಸಾಹುಕಾರರ ತಾಯಿ, ಆ ಅಜ್ಜಿ, ರೇಷ್ಮೆ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ನಿಜವಾಗಿಯೂ ಹಾರಲು ಹೊರಟವರಂತೆ ಬಂದರು. ಏಣಿ ಇಟ್ಟು ಹತ್ತಿಸಿದೆವು. ನಾನೂ ಮೇಸ್ತ್ರಿಯೂ ಗೂಡಿನ ನೆಲದ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೇ ನಾನು ಆರಿಸಿದ್ದ ಕೆನೆಬಣ್ಣದ ಚರ್ಮ ಧೂಳಿನಿಂದ ಕೆಂಪಾಯಿತು, ನಾವೂ ಕೆಂಪಾದೆವು. ಜೋತುಬಿದ್ದ ಕಾಲು ಜೋಮು ಹಿಡಿಯಿತೆಂದು ಅಜ್ಜಿ ಎರಡನ್ನೂ ಮೇಲೆಳೆದುಕೊಂಡರು. ಮೇಸ್ತ್ರಿ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಪಾಪಿನಾಯಕನಹಳ್ಳಿಯ ಹತ್ತಿರ ಲಾರಿ ಒಂದು ತಗ್ಗಿಗೆ ಧಡ್ಡನೆ ಬಿತ್ತು. ಅಜ್ಜಿಯ ಎರಡೂ ಮಂಡಿ ಸೀಟಿನ ತೋಳುಗಳ ಕೆಳಗೆ ಸಿಕ್ಕಿಕೊಂಡವು.

“ಲೇ, ಇದು ಕುರ್ಚೇನೋ, ಇಲಿ ಬೋನೋ? ನಿಲ್ಸಲೇ ಗಾಡಿ, ನಾ ಇಳೀತೀನಿ!”

ಲಾರಿ ನಿಂತಿತು. ಕೆಲಸ ಹೋಯಿತೆಂದುಕೊಂಡೆ. ಇಲ್ಲಿಂದ ಮುಂದಿನದೇ ನನ್ನ ಪ್ರಸಿದ್ಧ ಭಾಗ. “ಗರಗಸ ತನ್ನಿ!” ಎಂದು ನಾನು ಗುಡುಗಿದೆ, ಮೇಸ್ತ್ರಿ ಕರಕರ ಕೊಯ್ದರು. ಹೇಗೋ ತೋಳುಗಳು ಹೋದದ್ದಂತೂ ಖರೆ. ಅಜ್ಜಿ ಚಕ್ಕಳಮಕ್ಕಳ ಹಾಕಿ ಕೂತು, ಬುತ್ತಿ ಬಿಚ್ಚಿ, “ಬರ್ರಿ, ತಿನ್ರಿ, ಮಾರಿ ಸಣ್ಣದು ಮಾಡಬ್ಯಾಡ್ರಿ,” ಎಂದು ನಮಗೂ ರೊಟ್ಟಿ ಕೊಟ್ಟರು. ಆಮೇಲೆ ನಿದ್ದೆ ಹೋದರು. ಹೊಸಪೇಟೆಯಲ್ಲಿ ಕಾಯುತ್ತಿದ್ದ ಸಾಹುಕಾರರು ಗೂಡಿನೊಳಗೆ ಇಣುಕಿ, ಗೊರಕೆ ಕೇಳಿ, “ಎಬ್ಬಿಸಬ್ಯಾಡ್ರಿ,” ಎಂದು ಪಿಸುಗುಟ್ಟಿದರು. ಕೆಲಸ ನನ್ನದಾಯಿತು. ವಿಮಾನದಲ್ಲಿ ಹಾಕಿದ್ದು ತೋಳಿಲ್ಲದ ಅಗಲ ಸೀಟು. ಹೊಸ ವಿಚಾರವೆಂದು ನನ್ನನ್ನು ಹೊಗಳಿದರು, ನಾನು ಬೇಡವೆನ್ನಲಿಲ್ಲ.

ಈಚೆಗೆ ಮೇಸ್ತ್ರಿಯ ಅಂಗಡಿಗೆ ಹೋದೆ. ಆ ಮಾದರಿ ಸೀಟಿನ ಮೇಲೆ ಕಾಲು ಮಡಚಿ ಕೂತು ಹೊಲಿಯುತ್ತಿದ್ದರು. ಗರಗಸದ ಮಾತೆತ್ತಿದೆ.

“ಲಾರ್ಯಾಗ ಗರಗಸ ಎಲ್ಲಿತ್ರಿ ಸಾರ್?” ಎಂದು ನಕ್ಕು, ಎದ್ದು ನಿಂತರು.

ಸೀಟು ಹೊರಳಿಸಿ ನೋಡಿದೆ. ಕೊಯ್ದ ಗುರುತಿಲ್ಲ. ವೆಲ್ಡ್ ಮಾಡಿದ ಗುರುತೂ ಇಲ್ಲ. ತೋಳುಗಳಿದ್ದ ಜಾಗದಲ್ಲಿ ಎರಡೂ ಬದಿಗೆ ಬೋಲ್ಟು, ಅದಕ್ಕೆ ಸ್ಪ್ಯಾನರಿನ ಹಂಗಿಲ್ಲದೆ ಬೆರಳಲ್ಲೇ ಬಿಚ್ಚುವ ಚಿಟ್ಟೆ ನಟ್ಟು. ಒಂದನ್ನು ತಿರುಗಿಸಿದೆ, ತಿರುಗಿತು.