ಸೂಲಗಿತ್ತಿ ಗುರಮ್ಮ ನುಂಗಿದ ಮಾತು

ನಾರ್ವದಲ್ಲಿ ಗುರಮ್ಮನ ಕೈಗೆ ಬೀಳದೆ ಹುಟ್ಟಿದ ಮಕ್ಕಳು ಕಡಿಮೆ. ಮೂವತ್ತು ವರ್ಷ ಸೂಲಗಿತ್ತಿಯ ಕೆಲಸ ಮಾಡಿದ ಹೆಂಗಸು. ಅವಳದೊಂದು ಕಟ್ಟುಪಾಡಿತ್ತು. ಹೆರುವವಳು ನೋವಿನ ಭರದಲ್ಲಿ ಗಂಡನನ್ನು ಬೈಯಲಿ, ಅತ್ತೆಗೆ ಶಾಪ ಹಾಕಲಿ, ಮನೆಯ ಗುಟ್ಟೇ ಹೊರಗೆ ಚೆಲ್ಲಲಿ, ಹಿತ್ತಲಲ್ಲಿ ಮಾಸು ಹೂಳುವಾಗ ಆ ಮಾತನ್ನೂ ಅದರ ಜೊತೆಗೇ ಹೂತುಬಿಡಬೇಕು. ಅವಳ ಅತ್ತೆ ಕಲಿಸಿದ್ದು ಹಾಗೆ. ಊರ ಹೆಂಗಸರು ಅವಳ ಕೈಗುಣವನ್ನು ಎಷ್ಟು ನಂಬಿದ್ದರೋ ಬಾಯಿಯನ್ನೂ ಅಷ್ಟೇ ನಂಬಿದ್ದರು. ಅಂಥ ಬಾಯಿಯೇ ಊರಿಗೆ ಕೇಡು ತಂದಿತಲ್ಲ, ಅದೇ ಸಂಕಟ.

ಅವಳಿಗಿದ್ದವಳು ಒಬ್ಬಳೇ ಮಗಳು, ಅಮರಮ್ಮ. ಮೈಲಿಬೇನೆ ಬರದಿರಲೆಂದು ಮಗು ಎರಡು ವರ್ಷದ್ದಿರುವಾಗ ಗುರಮ್ಮನೇ ತೊಡೆಯ ಮೇಲೆ ಕೂರಿಸಿಕೊಂಡು ತೋಳಿಗೆ ಟೀಕಾ ಹಾಕಿಸಿದ್ದಳು. ಎರಡು ಕಲೆ ಉಳಿದಿದ್ದವು. ಮಕ್ತಲ್ ಕಡೆಯಿಂದ ಬಂದು ಊರಲ್ಲೇ ಕಿರಾಣಿ ಅಂಗಡಿ ಹಾಕಿದ್ದ ಹಂಪಣ್ಣನಿಗೆ ಮಗಳನ್ನು ಕೊಟ್ಟಳು. ಅವನಿಗೆ ಅದು ಎರಡನೇ ಮದುವೆ. ಮೊದಲಿನದು ಹುಡುಗಿ ಗಂಡನ ಮನೆಗೆ ಬರುವ ಮೊದಲೇ ಮುರಿದಿತ್ತು ಎಂದು ಅವನ ಕಡೆಯವರು ಹೇಳಿದ್ದರು. ಆರು ವರ್ಷವಾದರೂ ಅಮರಮ್ಮನ ಮಡಿಲು ತುಂಬಲಿಲ್ಲ. ಕಣ್ಣಿಗೆ ಕಾಣುವ ಕಾರಣವೊಂದು ಊರಿಗೆ ಬೇಕಿತ್ತು. ತೋಳಿನ ಮೇಲಿನ ಕಲೆಗಳು ಸಿಕ್ಕವು.

ನಿಜವಾದ ಕಾರಣ ಗುರಮ್ಮನಿಗೆ ಗೊತ್ತಿತ್ತು. ಒಮ್ಮೆ ಕಷ್ಟದ ಹೆರಿಗೆಯೊಂದಕ್ಕೆ ಅವಳನ್ನು ಜೂರಾಲಕ್ಕೆ ಕರೆಸಿದ್ದರು. ಗಂಡ ಬಿಟ್ಟ ಮೇಲೆ ಇನ್ನೊಬ್ಬನ ಜೊತೆ ಉಡಿಕಿ ಆದವಳಂತೆ, ಹೆಸರು ಬುಗ್ಗಮ್ಮ. ನೋವಿನ ನಡುವೆಯೇ ಅವಳು ಹಲ್ಲು ಕಚ್ಚಿ ಹೇಳಿದಳು: "ಮಕ್ತಲ್ ಹಂಪಣ್ಣನ ಮನ್ಯಾಗ ನಾಕು ವರ್ಷ ಬಾಳೇ ಮಾಡೀನ್ರೀ. ಬಂಜಿ ಅಂತ ಹೊರಗ ಹಾಕಿದ್ರು. ಈಗ ನೋಡ್ರಿ, ಇದು ಎರಡನೇ ಕೂಸು."

ಕೂಸು ಹುಟ್ಟಿತು. ಮಾಸಿನ ಜೊತೆ ಮಾತನ್ನೂ ಹೂತು ಗುರಮ್ಮ ಊರಿಗೆ ಬಂದಳು. ಬಾಯಿ ಬಿಟ್ಟರೆ ಅಳಿಯನ ಮರ್ಯಾದೆ ಬೀದಿಗೆ ಬರುತ್ತದೆ, ಅವನು ಮಗಳನ್ನು ತಿರುಗಿ ಕಳಿಸುತ್ತಾನೆ. ಅವಳ ಹೆದರಿಕೆ ಇಷ್ಟೇ.

ಪೋಲೀಸ್ ಆ್ಯಕ್ಷನ್ ಆಗಿ ಸರ್ಕಾರ ಬದಲಾದ ಎರಡನೇ ವರ್ಷ, ಕಾರ್ತಿಕದಲ್ಲಿ, ಟೀಕಾ ಹಾಕುವ ಮಹಾಂತಯ್ಯ ಚಾವಡಿಗೆ ಬಂದು ಕೂತ. ಗಲಾಟೆಯ ದಿನಗಳಲ್ಲಿ ಮಕ್ಕಳ ಬಾಯಿ ಮುಚ್ಚಿಕೊಂಡು ಜೋಳದ ಹೊಲದಲ್ಲಿ ಅಡಗಿದ್ದ ಜನ. ದಫ್ತರ ಹಿಡಿದು ಬಂದವರನ್ನು ಕಂಡರೆ ಇನ್ನೂ ನಡುಗುತ್ತಿದ್ದರು. ಬಡವರ ಸಂತಾನ ನಿಲ್ಲಿಸಲಿಕ್ಕೆ ಹೊಸ ಸರ್ಕಾರ ಈ ಔಷಧ ಕಳಿಸಿದೆ ಎಂದು ಸಂತೆಯಲ್ಲಿ ಸುದ್ದಿ ಹಬ್ಬಿತ್ತು.

ಮಹಾಂತಯ್ಯ ಸಿಡುಕಲಿಲ್ಲ. "ಇದು ಕರುವಿನ ಮೈಯಿಂದ ತಗದ ರಸ. ತೋಳಿನ ಮ್ಯಾಲ ಒಂದು ಗುಳ್ಳಿ ಏಳತೈತಿ, ಎರಡು ದಿನ ಜ್ವರ ಬರಬಹುದು. ಹಕ್ಕಳಿ ಉದುರಿದರ ಆತು. ಗರ್ಭಕ್ಕೂ ಇದಕ್ಕೂ ಸಂಬಂಧ ಇಲ್ಲ. ನನ್ನ ಹೆಣ್ಣುಮಕ್ಕಳಿಗೂ ಹಾಕೀನಿ. ಹಿರೇಕಿಗೆ ಮೂರು ಮಕ್ಕಳು."

"ನಿಮ್ಮ ಮಕ್ಕಳನ್ನ ನಾವು ಕಂಡೀವೇನ್ರಿ ಅಯ್ಯನೋರ?" ಎಂದಳು ಪೆಂಟಮ್ಮ. ನಾಲ್ಕು ವರ್ಷದ ಮಗಳು ಜಮ್ಮುಲಮ್ಮ ಅವಳ ಸೆರಗು ಹಿಡಿದಿದ್ದಳು, ಕಂಕುಳಲ್ಲಿ ಗಂಡುಕೂಸು. "ನಾವು ಕಂಡಿದ್ದು ಅಮರಮ್ಮನ್ನ."

ಮಹಾಂತಯ್ಯ ಗುರಮ್ಮನ ಕಡೆ ತಿರುಗಿದ. "ನೀನs ಹೇಳಬೇ. ಟೀಕಾ ಹಾಕಿಸಿಕೊಂಡವರು ಎಷ್ಟು ಮಂದಿ ನಿನ್ನ ಕೈಯಾಗ ಹಡದಾರ?"

ಬೇಕಾದಷ್ಟು ಮಂದಿ ಹಡೆದಿದ್ದರು. ಆದರೆ ಪೆಂಟಮ್ಮ ಕೇಳಿದ್ದು ಬೇರೆ: "ಅತ್ತಿ, ನಿನ್ನ ಮಗಳಿಗೆ ಈ ಕಲಿಯಿಂದ ಆಗೇತೋ, ಬ್ಯಾರೆ ಏನರ ಐತೋ? ನೀ ಹೇಳಿದ್ರ ಈಗ ಹಾಕಸ್ತೀನಿ."

ಚಾವಡಿಯೆಲ್ಲ ಅವಳ ಬಾಯಿಯನ್ನೇ ನೋಡಿತು. ಎದುರಿನ ಅಂಗಡಿಯಲ್ಲಿ ಹಂಪಣ್ಣ ಬೆಲ್ಲ ತೂಗುತ್ತಿದ್ದ.

"ದೇವರಿಗೇ ಗೊತ್ತವ್ವಾ," ಎಂದಳು ಗುರಮ್ಮ.

ಅಷ್ಟೇ ಸಾಕಾಯಿತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಟರು. ಅಮರಮ್ಮ ಒಬ್ಬಳೇ ಮುಂದೆ ಬಂದು ತೋಳು ಚಾಚಿ ಮತ್ತೊಮ್ಮೆ ಟೀಕಾ ಹಾಕಿಸಿಕೊಂಡಳು. ಅದನ್ನು ನೋಡಲು ಯಾರೂ ನಿಲ್ಲಲಿಲ್ಲ.

ಮಾಘದಲ್ಲಿ ಮೈಲಿಬೇನೆ ಬಂತು. ಬಾಗಿಲು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಬಂಜೆಯ ನೆರಳು ಬೇಡ ಎನ್ನುತ್ತಿದ್ದ ಮನೆಗಳಿಗೆಲ್ಲ ಈಗ ಅಮರಮ್ಮ ಬೇಕಾದಳು. ಅವಳು ಎಲ್ಲ ಕಡೆ ಹೋಗಿ ಗಂಜಿ ಕುಡಿಸಿದಳು, ಕೀವಿನ ಬಟ್ಟೆ ಒಗೆದಳು, ಅವಳಿಗೆ ಏನೂ ಆಗಲಿಲ್ಲ. ಏಳು ಮಕ್ಕಳು ಹೋದವು. ಐದನೆಯದು ಪೆಂಟಮ್ಮನ ಮಗಳು ಜಮ್ಮುಲಮ್ಮ. ಗುರಮ್ಮ ಹೊಕ್ಕುಳ ಬಳ್ಳಿ ಕತ್ತರಿಸಿದ್ದ ಕೂಸು. ಅವಳೇ ಅದಕ್ಕೆ ಕೊನೆಯ ನೀರು ಹಾಕಿದಳು. ಪೆಂಟಮ್ಮ ಬೈಯಲಿಲ್ಲ. ಬೈದಿದ್ದರೆ ಗುರಮ್ಮನಿಗೆ ಸ್ವಲ್ಪವಾದರೂ ಹಗುರಾಗುತ್ತಿತ್ತು.

ಸುದ್ದಿ ತಿಳಿದು ಮಹಾಂತಯ್ಯ ಮತ್ತೆ ಬಂದ. ಆಗಲೂ ತಾಯಂದಿರು ದೂರವೇ ನಿಂತರು. ಬೇನೆಯ ಹೆದರಿಕೆಯೂ ಇತ್ತು, ಉಳಿದ ಮಕ್ಕಳಿಗೆ ನಾಳೆ ಸಂತಾನವಾಗಲಾರದೆಂಬ ಹೆದರಿಕೆಯೂ ಹೋಗಿರಲಿಲ್ಲ. ಗುರಮ್ಮ ಚಾವಡಿಯ ನಡುವೆ ಬಂದು ನಿಂತಳು.

"ತಪ್ಪು ಟೀಕಾದ್ದಲ್ಲ, ನನ್ನ ಮಗಳದಲ್ಲ. ಹಂಪಣ್ಣನ ಕೂಡ ನಾಕು ವರ್ಷ ಬಾಳೇ ಮಾಡಿ ಬಂಜಿ ಅಂತ ಹೊರಗ ಬಿದ್ದಾಕಿ ಈಗ ಎರಡು ಮಕ್ಕಳ ತಾಯಿ. ಆಕಿ ಹೆರಿಗಿ ನಾನs ಮಾಡಿಸೀನಿ. ಅವತ್ತ ಹೇಳಬೇಕಿತ್ತು. ಹೇಳಲಿಲ್ಲ."

ಆಮೇಲೆ ಪೆಂಟಮ್ಮ ಕಂಕುಳಲ್ಲಿದ್ದ ಕೂಸಿನ ಅಂಗಿ ಬಿಚ್ಚಿ ತೋಳು ಮುಂದೆ ಮಾಡಿದಳು. ಗುರಮ್ಮನ ಮುಖ ಮಾತ್ರ ನೋಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಹಂಪಣ್ಣ ಅಮರಮ್ಮನ ಟ್ರಂಕನ್ನು ಅತ್ತೆಯ ಬಾಗಿಲಿಗೆ ತಂದಿಟ್ಟು ಹೋದ. ಗುರಮ್ಮ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. "ನಿನ್ನ ಬಾಳೇ ಹಾಳು ಮಾಡಿದೆ ಮಗಳ."

ಅಮರಮ್ಮ ಅವಳ ಪಕ್ಕದಲ್ಲಿ ಕೂತಳು. "ನಂಗ ಎಲ್ಲಾ ಗೊತ್ತಿತ್ತು ಬೇ. ಮದುವ್ಯಾದ ವರ್ಷಾನ ಮನಿಯವ್ರs ಅತ್ತು, ಕೊರತಿ ತಮ್ಮದs ಅಂತ ಹೇಳಿದ್ರು. ನೀ ಕೇಳಿದ್ರ ತಾಳಾಂಗಿಲ್ಲ ಅಂತ ಸುಮ್ನಿದ್ದೆ. ಬಂಜಿ ಅಂತ ಅನಿಸಿಕೊಳ್ಳಾದು ನಂಗ ರೂಢಿ ಆಗಿತ್ತು. ನಿನ್ನ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದೆ."

ಗುರಮ್ಮ ಮಗಳ ಕಡೆ ತಿರುಗಿದಳು.

"ನಾನೂ ನಿನ್ನ ಸಲುವಾಗೇ ಬಾಯಿ ಮುಚ್ಚಿಕೊಂಡಿದ್ದೆ. ಹಂಗಾರ ಜಮ್ಮುಲಿ ಯಾಕ ಸತ್ಲವ್ವಾ?"

ಅಮರಮ್ಮ ಎದ್ದು ಟ್ರಂಕನ್ನು ಒಳಗೆಳೆದುಕೊಂಡಳು.