ವೈರ್ ಕಿತ್ತಿಟ್ಟ ಮೆಷಿನ್ ಕಳಿಸಿದ ಆರು ಸಾಲು

ಶಕುನ, ಹರಕೆ, ದೆವ್ವ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಪ್ರತಿಯೊಂದಕ್ಕೂ ಕಾರಣ ಇರಲೇಬೇಕು, ಇಲ್ಲದಿದ್ದರೆ ರಿಪೇರಿ ಮಾಡುವುದು ಏನನ್ನು? ಈಗಲೂ ದೇವಸ್ಥಾನದ ಮುಂದೆ ಚಪ್ಪಲಿ ಬಿಡುವುದು ಹೆಂಡತಿಯ ಕಾಟಕ್ಕೇ. ಆದರೆ ಒಂದು ಸಂಗತಿ ಮಾತ್ರ ಬಗೆಹರಿದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀವು ನಂಬಲೇಬೇಕೆಂಬ ಹಟವಿಲ್ಲ.

ಯಶವಂತಪುರಕ್ಕೆ ಮೆಟ್ರೋ ಬರುವುದಕ್ಕೆ ಮುಂಚಿನ ಮಾತು. ಮಾರ್ಕೆಟ್ ಹಿಂದಿನ ಸಣ್ಣ ಆಫೀಸಿನಲ್ಲಿ ಕೂತು ಹತ್ತಾರು ಕಡೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲೊಂದು ಅಟ್ಟೂರಿನಲ್ಲಿ, ಔಷಧಿ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು. ತಣ್ಣನೆಯ ಕೋಣೆಯ ಉಷ್ಣತೆಯನ್ನು ಸದಾ ದಾಖಲು ಮಾಡುವ ಮೆಷಿನ್. ವಾರಕ್ಕೊಮ್ಮೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಅಲ್ಲಿನ ಕೋಣೆಯ ಬೀಗ ರಂಗಪ್ಪ ಎಂಬುವರ ಕೈಯಲ್ಲಿತ್ತು. ಅಟ್ಟೂರಿನ ಹಳೆಯ ಮನೆತನದವರು, ಐವತ್ತು ದಾಟಿದವರು. ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಅವರೇ ಮೆಷಿನ್ನಿನ ವೈರ್ ಕೀಳುತ್ತಾರೆ ಎಂಬುದು ಕೋಲ್ಡ್ ಸ್ಟೋರೇಜ್ ಮಾಲೀಕರ ಅನುಮಾನ. ರಂಗಪ್ಪ ದೀಪ ಮುಟ್ಟಿ ಆಣೆ ಮಾಡಿದರೂ ಅದು ಹೋಗಲಿಲ್ಲ.

ಇದ್ದಕ್ಕಿದ್ದಂತೆ ನಿಲ್ಲುವ ಮೆಷಿನ್ ತನ್ನ ಡಿಸ್ಕಿನಲ್ಲಿ ಏನನ್ನೂ ಬರೆದಿಡಲಾರದು. ಹಾಗಾಗಿ ಕರ್ನೆಲ್, ಅಂದರೆ ಮೆಷಿನ್ನಿನೊಳಗೆ ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಂ, ಹೇಳುವ ಪ್ರತಿ ಮಾತೂ ಆ ಕ್ಷಣವೇ ನೆಟ್‌ವರ್ಕ್ ಮೂಲಕ ನಮ್ಮ ಆಫೀಸಿನ ಸರ್ವರ್‌ಗೆ ಬರುವಂತೆ ಮಾಡಿದೆ. ಕಾರ್ಡು ಬರೆದು ಅಂಚೆ ಡಬ್ಬಕ್ಕೆ ಹಾಕಿದ ಹಾಗೆ. ತಲುಪಿತೇ ಎಂದು ಅದು ಕೇಳುವುದಿಲ್ಲ. ಸಾಲು ಬಂದ ಹೊತ್ತನ್ನು ನಮ್ಮ ಸರ್ವರ್ ಪಕ್ಕದಲ್ಲೇ ಬರೆದಿಡುತ್ತಿತ್ತು.

ಆಮೇಲೂ ಮೆಷಿನ್ ಎರಡು ಸಲ ನಿಂತಿತು. ಒಂದು ಮಾತೂ ಬರಲಿಲ್ಲ.

"ನೋಡಿದ್ರಾ, ಕರೆಂಟ್ ಕಿತ್ರೆ ಅದಕ್ಕೆ ಮಾತಾಡಕ್ಕೆ ಟೈಮೇ ಇರಲ್ಲ. ದಸರಾ ಹಬ್ಬ ಮುಗಿದ್ಮೇಲೆ ರಂಗಪ್ಪ ಕೆಲಸಕ್ಕೆ ಬರೋದ್ ಬೇಡ ಬಿಡಿ," ಎಂದರು ಮಾಲೀಕರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕಂಡಿರಲೂ ಇಲ್ಲ, ಆದರೂ ಹೌದೆಂದು ತಲೆಯಾಡಿಸಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಆಯುಧ ಪೂಜೆಯ ದಿನ ನಾನು ಅಟ್ಟೂರಿಗೆ ಹೋದೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟಬಾರದು ಎಂಬುದು ರಂಗಪ್ಪನವರ ಕಟ್ಟುನಿಟ್ಟು. ಆ ಒಂದು ದಿನ ಉಷ್ಣತೆಯನ್ನು ಅವರೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಮೆಷಿನ್ ಆಫ್ ಮಾಡಿ, ಎಲ್ಲಾ ವೈರ್ ಕಿತ್ತು ಮಣೆಯ ಮೇಲಿಟ್ಟೆ. ನೆಟ್‌ವರ್ಕ್ ಕೇಬಲ್‌ನ ತುದಿ ಮುರಿದಿತ್ತು, ಸರಿಮಾಡಿ ತರೋಣವೆಂದು ಅದನ್ನು ಬ್ಯಾಗಿಗೆ ಹಾಕಿಕೊಂಡೆ. ರಂಗಪ್ಪ ಮೆಷಿನ್ನಿಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಚೆಂಡು ಹೂವು ಸುತ್ತಿದರು. ಮಾಲೀಕರ ತೀರ್ಮಾನ ಅವರಿಗೆ ತಿಳಿದಿತ್ತು. ಮಂಗಳಾರತಿ ಮಾಡಿ, ಮೆಲ್ಲಗೆ, ಯಾರನ್ನೋ ಪಕ್ಕಕ್ಕೆ ಕರೆದು ಕೇಳುವವರ ಹಾಗೆ ಅಂದರು: "ನಾನ್ ಕಿತ್ತಿಲ್ಲ ಅಂತ ನೀನೇ ಯೋಳಪ್ಪ. ನನ್ ಮಾತ್ ಯಾರೂ ಕೇಳಾಕಿಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಡಲೆಪುರಿಯ ಪೊಟ್ಟಣ ಹಿಡಿದು ಯಶವಂತಪುರಕ್ಕೆ ಬಂದೆ. ನಮ್ಮ ಸರ್ವರ್ ಒಂದನ್ನು ಮಾತ್ರ ಆಫ್ ಮಾಡುವಂತಿರಲಿಲ್ಲ, ಕುಂಕುಮ ಇಟ್ಟುಕೊಂಡೇ ಓಡುತ್ತಿತ್ತು. ಮನಸ್ಸು ನಿಲ್ಲದೆ ಸುಮ್ಮನೆ ಪರದೆ ನೋಡಿದೆ. ಅಟ್ಟೂರಿನ ಮೆಷಿನ್ ಹೆಸರಿನಲ್ಲಿ ಆರು ಸಾಲು ಬಂದಿದ್ದವು. ಅವುಗಳ ಸಾರ ಇಷ್ಟು: ಪ್ರೊಸೆಸರ್ ಮಿತಿ ಮೀರಿ ಬಿಸಿಯಾಗಿದೆ, ಇನ್ನೂ ಬಿಸಿಯಾಗುತ್ತಿದೆ, ನಿಲ್ಲಿಸುತ್ತಿದ್ದೇನೆ. ಬಂದ ಹೊತ್ತು ಸಂಜೆ ನಾಲ್ಕೂ ಇಪ್ಪತ್ತು. ನಾನು ವೈರ್ ಕಿತ್ತದ್ದು ಮಧ್ಯಾಹ್ನ ಒಂದಕ್ಕೆ.

ಫೋನ್ ಮಾಡಿದೆ. "ರಂಗಪ್ಪನೋರೇ, ಯಾರಾದ್ರೂ ಮೆಷಿನ್ ಆನ್ ಮಾಡಿದ್ರಾ?"

"ಪೂಜೆಗ್ ಮಡಗಿದ್ದನ್ನ ಯಾರ್ ಮುಟ್ತಾರೆ ಸಾ? ಬೀಗದ್ ಕೈ ನನ್ ಸೊಂಟದಾಗೇ ಐತೆ."

ಬೈಕ್ ಹತ್ತಿ ಎಂ.ಎಸ್. ಪಾಳ್ಯದ ಮೇಲಿಂದ ವಾಪಸು ಅಟ್ಟೂರಿಗೆ ಓಡಿದೆ. ಮೆಷಿನ್ ಮಣೆಯ ಮೇಲೆ ತಣ್ಣಗಿತ್ತು. ಹೂವು ಅಲುಗಿರಲಿಲ್ಲ. ರಂಗಪ್ಪನವರನ್ನು ಒಪ್ಪಿಸಿ, ಕೈಮುಗಿದು, ಮುಚ್ಚಳ ಬಿಚ್ಚಿದೆ. ಒಳಗಿನ ಫ್ಯಾನಿನ ಬುಡಕ್ಕೆ ಧೂಳು, ಜಿಡ್ಡು ಸೇರಿ ಗಟ್ಟಿಯಾಗಿತ್ತು. ಬೆರಳಲ್ಲಿ ತಳ್ಳಿದರೂ ತಿರುಗಲಿಲ್ಲ. ಹೊರಗೆ ಒರೆಸಿ ಹೊಳೆಯಿಸಿದವರು ನಾವು, ಒಳಗೆ ಒಮ್ಮೆಯೂ ನೋಡಿರಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸಾಲುಗಳು ದಾರಿಯಲ್ಲಿ ತಡವಾದವೇ? ಅಂಥವು ಮೂರು ಗಂಟೆ ದಾರಿಯಲ್ಲಿ ಕಾಯುವುದಿಲ್ಲ. ಸರ್ವರ್ ಗಡಿಯಾರ ಕೆಟ್ಟಿತ್ತೇ? ಬೇರೆ ಕಡೆಯ ಮೆಷಿನ್‌ಗಳ ಸಾಲುಗಳು ಅದಕ್ಕೆ ಹಿಂದೆಯೂ ಮುಂದೆಯೂ ಸರಿಯಾದ ಹೊತ್ತಿನಲ್ಲೇ ದಾಖಲಾಗಿದ್ದವು. ಎದ್ದು ಬ್ಯಾಗ್ ತೆಗೆದು ನೋಡಿದೆ. ಮುರಿದ ತುದಿಯ ಕೇಬಲ್ ಸುರುಳಿ ಸುತ್ತಿಕೊಂಡು ಅಲ್ಲೇ ಇತ್ತು. ಮೊದಲಿನ ಎರಡು ಸಲ ಮಾತು ತಲುಪದಿದ್ದದ್ದು ಆ ತುದಿಯಿಂದಲೇ ಇರಬೇಕು.

ಹಬ್ಬ ಕಳೆದು ಆ ಆರು ಸಾಲುಗಳನ್ನು ಪ್ರಿಂಟ್ ಮಾಡಿ ಮಾಲೀಕರ ಮುಂದಿಟ್ಟೆ. ಬಂದ ಹೊತ್ತನ್ನೂ ತಾರೀಖನ್ನೂ ಅಳಿಸಿದ್ದೆ.

"ಇದು ಯಾವಾಗ ಬಂತ್ರೀ?" ಎಂದರು.

"ಹಬ್ಬಕ್ಕೆ ಮುಂಚೆ ಸರ್, ಕೊನೇ ಸಲ ನಿಂತಾಗ. ನಾನೇ ಸರಿಯಾಗಿ ನೋಡಿರ್ಲಿಲ್ಲ," ಎಂದೆ. ಅವರು ಫ್ಯಾನ್ ನೋಡಿದರು, ಕಾಗದ ನೋಡಿದರು, ರಂಗಪ್ಪನವರನ್ನು ಕರೆದು ಕೆಲಸದಲ್ಲಿ ಇರಲು ಹೇಳಿದರು.

ಗೇಟಿನವರೆಗೆ ಬಂದ ರಂಗಪ್ಪ ಏನು ನಡೆಯಿತೆಂದು ಕೇಳಲೇ ಇಲ್ಲ. "ಮೆಷಿನ್ ಸುಳ್ ಯೋಳಾಕಿಲ್ಲ ಸಾ," ಎಂದರು ಅಷ್ಟೆ. ನನಗೆ ಅವರ ಮುಖ ನೋಡಲಾಗಲಿಲ್ಲ. ಹೊತ್ತು ಸಮೇತ ಆ ಆರು ಸಾಲು ಇನ್ನೂ ನನ್ನ ಹತ್ತಿರ ಇವೆ. ಯಾರಿಗೂ ತೋರಿಸಿಲ್ಲ, ತೋರಿಸಿದರೆ ನಾನು ಹೇಳಿದ ಸುಳ್ಳು ಹೊರಬೀಳುತ್ತದೆ, ಅವು ಹೇಗೆ ಬಂದವೆಂಬುದು ಮಾತ್ರ ಹಾಗೇ ಉಳಿಯುತ್ತದೆ.