ತಿಳಿನೀರನ್ನು ನಂಬದ ಮೇಷ್ಟ್ರು

ಅಳಿವೆಯ ನೀರಿನಲ್ಲಿ ಕಣ್ಣಿಗೆ ಕಾಣದೆ ತೇಲುವ ಸಸ್ಯ, ಪ್ರಾಣಿಗಳನ್ನು, ಅಂದರೆ ಪ್ಲವಕಗಳನ್ನು ಹನಿ ಹನಿಯಾಗಿ ಎಣಿಸಿ, ಯಾರು ಯಾರಿಗೆ ಆಹಾರ, ಸತ್ತದ್ದು ಕರಗಿ ಮತ್ತೆ ಯಾರಿಗೆ ಗೊಬ್ಬರ ಎಂಬ ಸುತ್ತನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಕೆಲವೇ ವಿದ್ವಾಂಸರಲ್ಲಿ ಗುರುಗಳಾದ ಡಾ. ಪಂಚಾಕ್ಷರಪ್ಪನವರು ಒಬ್ಬರು. ಕರಾವಳಿಯಲ್ಲಿ ಏಳು ವರ್ಷ ದುಡಿದು ಅವರು ದಾವಣಗೆರೆಯ ಕಾಲೇಜಿಗೆ ಬಂದಾಗ, ಸಮುದ್ರವೇ ಇಲ್ಲದ ಊರಿನಲ್ಲಿ ಇವರಿಗೇನು ಕೆಲಸ ಎಂದು ನಕ್ಕವರಿದ್ದರಂತೆ. ಅವರು ಮುಂದಿನ ಸೋಮವಾರವೇ ಪ್ಲವಕ ಸೋಸುವ ಬಲೆ ಹಿಡಿದು ಹರಿಹರದ ಹೊಳೆಗೆ ಇಳಿದರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ತಪ್ಪಿಸಿದ್ದು ಒಂದೇ ಸೋಮವಾರ. ಅಭಿನಂದನಾ ಗ್ರಂಥದ ಹೊಗಳಿಕೆಯ ಈ ಪುಟಗಳಲ್ಲಿ ನಾನು ಹೇಳಬೇಕಾಗಿರುವುದು ಆ ಸೋಮವಾರದ ಸಂಗತಿಯನ್ನೇ.

ನಾನಾಗ ಅವರ ಸಂಶೋಧನಾ ವಿದ್ಯಾರ್ಥಿ. ರಂಜಾನ್ ತಿಂಗಳಲ್ಲಿ ನನ್ನ ಉಪವಾಸ ನೆನಪಿಟ್ಟುಕೊಂಡು, ತೆಪ್ಪದಲ್ಲಿ ಕೂತಷ್ಟು ಹೊತ್ತು ತಾವೂ ಚಹಾ ಮುಟ್ಟದಿದ್ದ ಮನುಷ್ಯ ಅವರು. ಅಂಥವರು ಕಾಲು ಉಳುಕಿ ಮಲಗಿದ್ದಾಗ, ನಂಬಿ ನನ್ನೊಬ್ಬನನ್ನೇ ಕಳುಹಿಸಿದರು.

ಏಪ್ರಿಲ್ ತಿಂಗಳು, ಬೆಳಗಿನ ಆರೂವರೆ. ಹಸಿರುಗಟ್ಟಿರಬೇಕಾದ ಮಡು ತಳ ಕಾಣುವಷ್ಟು ತಿಳಿಯಾಗಿತ್ತು. ಕಪ್ಪೆಯಿಲ್ಲ, ಮೀನಿನ ಗುಳ್ಳೆಯಿಲ್ಲ. ಕಾಲಿಟ್ಟರೆ ಜಾರುತ್ತಿದ್ದ ಕಲ್ಲುಗಳು ಯಾರೋ ರಾತ್ರಿಯೆಲ್ಲ ಉಜ್ಜಿ ತೊಳೆದಂತೆ ಒರಟಾಗಿದ್ದವು. ಎಮ್ಮೆಗಳು ದಡದಲ್ಲೇ ಸಾಲಾಗಿ ನಿಂತಿದ್ದವು; ಒಂದೂ ನೀರಿಗಿಳಿಯಲಿಲ್ಲ.

“ನೀರು ಸೋಸಿದಂಗೈತೆ ನೋಡ್ರಿ,” ಎಂದ ತೆಪ್ಪದ ಜಂಬಯ್ಯ. “ಆದ್ರ ಕೈ ಹಾಕಾಕ ಯಾಕೋ ಮನಸ್ಸೇ ಬರವಲ್ದು.”

ಜನರಿಗೆ ಮಾತ್ರ ಹಿಗ್ಗೋ ಹಿಗ್ಗು. ಹೊಳೆ ಶುದ್ಧವಾಯಿತೆಂದು ಕೊಡ ತುಂಬಿಕೊಳ್ಳುತ್ತಿದ್ದರು. ಜಂಬಯ್ಯನ ಹೆಂಡತಿ ಕಮಲಕ್ಕನೂ ಅವರಲ್ಲಿದ್ದರು.

ಕಾಲೇಜಿಗೆ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೊದಲ ಹನಿಯಲ್ಲಿ ಏನೂ ಇಲ್ಲ. ಎಂಟನೆಯ ಹನಿಯಲ್ಲೂ ಇಲ್ಲ. ಬೆಳಕಿನ ಆ ಬಿಳಿ ವೃತ್ತದಲ್ಲಿ ನನ್ನ ರೆಪ್ಪೆಯ ನೆರಳೊಂದೇ ಅಲುಗಾಡುತ್ತಿತ್ತು. ಅಯ್ಯೋ, ಬಲೆ ಹರಿದಿರಬೇಕು, ಎಡವಟ್ಟು ನನ್ನದೇ ಎಂದುಕೊಂಡೆ. ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಹದಿನೈದೇ ದಿನ. ಹಿಂದಿನ ವಾರದ ಸಂಖ್ಯೆಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ದಾಖಲೆ ಪುಸ್ತಕದಲ್ಲಿ ಬರೆದುಬಿಟ್ಟೆ.

ಮುಂದಿನ ಸೋಮವಾರ ಗುರುಗಳು ಕುಂಟುತ್ತಲೇ ಹೊಳೆಗೆ ಬಂದರು. ಬಲೆ ಬಿಚ್ಚಲೇ ಇಲ್ಲ. ನೀರನ್ನು ನೋಡಿದರು, ನನ್ನನ್ನು ನೋಡಿದರು.

“ಹೋದ ವಾರವೂ ಹಿಂಗೇ ಇತ್ತೇನಪ್ಪ?”

ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! “ತಿಳಿ ಆಗಿಲ್ಲಪ್ಪ ಇದು, ಸತ್ತೈತೆ,” ಎಂದಷ್ಟೇ ಹೇಳಿ, ಆ ಕಾಲಿನಲ್ಲೇ ದಡದ ಮನೆಮನೆಗೂ ಹೋಗಿ ನೀರು ಚೆಲ್ಲಿಸಿದರು. ಜಂಬಯ್ಯನ ಮನೆಗೆ ಬೀಗ ಹಾಕಿತ್ತು. ಕಮಲಕ್ಕ ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು.

ಅದಕ್ಕೆ ಆ ನೀರೇ ಕಾರಣವೆಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಹೊಳೆಗೆ ಏನು ಸೇರಿತ್ತೆಂಬುದು ಇಂದಿಗೂ ತಿಳಿದಿಲ್ಲ. ನನ್ನ ಸುಳ್ಳು ಸಾಲುಗಳನ್ನು ಗುರುಗಳು ನನ್ನ ಕೈಯಿಂದಲೇ ಹೊಡೆದುಹಾಕಿಸಿ ಸಹಿ ಮಾಡಿಸಿದರು. ಪ್ರಬಂಧ ಒಂದು ವರ್ಷ ತಡವಾಯಿತು. ಅದೇ ಸಂಜೆ ಆಸ್ಪತ್ರೆಗೆ ಕರೆದೊಯ್ದು, ಕಮಲಕ್ಕನಿಗೆ ನನ್ನ ತಪ್ಪನ್ನು ನಾನೇ ಹೇಳುವವರೆಗೂ ಪಕ್ಕದಲ್ಲಿ ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ನನಗೆ ಮಾಡಿದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನರಿಯೆ.

ಕಮಲಕ್ಕ ಬದುಕಿ ಬಂದರು. ಈಗ ಸೋಮವಾರದ ಕೆಲಸ ನನ್ನದು. ಮೊನ್ನೆ ಹೊಳೆ ಮತ್ತೆ ತಿಳಿಯಾಗಿತ್ತು. ಕಾಲೇಜಿನಲ್ಲಿ ಹನಿ ನೋಡಿ ಮತ್ತೆ ಓಡೋಡಿ ದಡಕ್ಕೆ ಬಂದರೆ, ಕಮಲಕ್ಕ ತುಂಬಿದ ಕೊಡವನ್ನು ಸೊಂಟದಿಂದ ಇಳಿಸಿ ನನ್ನ ಮುಖ ನೋಡಿದರು.

“ನೀರಾಗ ಜೀವ ಅದಾವೇನಪ್ಪ ಮುನಾಫ?”

“ಬ್ಯಾಡ ಕಮಲಕ್ಕ, ಚೆಲ್ರಿ.”

ಅಲ್ಲೇ ಚೆಲ್ಲಿದರು. ಖಾಲಿ ಕೊಡ ಹಿಡಿದು ಕೇಳಿದರು: “ನಿಮ್ಮ ಸರ್‌ಗೆ ಹೇಳಿದ್ಯಾ?”

ಹೇಳುತ್ತಿದ್ದೇನೆ, ಸರ್. ತಮಗೆ ನೂರು ತುಂಬಲಿ, ಕಣ್ಣು ಹೀಗೇ ಚುರುಕಾಗಿರಲಿ. ಆದರೆ ನಿವೃತ್ತಿಯಾಯಿತೆಂದು ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಕೂರಬೇಡಿ. ನನಗೆ ಒಬ್ಬನೇ ಆ ನೀರಿನ ಹತ್ತಿರ ಹೋಗಲು ಭಯವಾಗುತ್ತದೆ.